ಪ್ರೋಮೋ ಆಮೇಲೆ ಮಾಡು, ಪುಟ್ಟೀ

ಹಚ್ಚೆಯ ಮೇಲೆ ಸಾಕ್ಷ್ಯಚಿತ್ರ ಮಾಡ್ತೀವಿ, ಅದಕ್ಕೂ ಮೊದಲು ಅರ್ಧ ನಿಮಿಷದ ಪ್ರೋಮೋ ಬಿಡ್ತೀವಿ ಅಂದೆಯಲ್ಲ, ಕೇಳಿ ಖುಷಿಯಾಯಿತು. ಮೂಡಿಗೆರೆ, ಕಳಸದ ಕಡೆ ಮುಂಗೈ ತುಂಬ ಹಚ್ಚೆಯಿರುವ ಅಜ್ಜಿಯರು ಇನ್ನೂ ಇದ್ದಾರೆ. ಅವರನ್ನು ಕೂರಿಸಿ ಕೇಳುವವರೇ ಇಲ್ಲ.

ಆದರೆ ಪ್ರೋಮೋ ಮೊದಲು ಬೇಡ. ಯಾರ ಮಾತನ್ನೂ ಕೇಳದೆ ಜಾಹೀರಾತು ಮಾಡಿಬಿಟ್ಟರೆ, ಆಮೇಲೆ ನೀವು ಕೇಳುವ ಪ್ರಶ್ನೆಯೆಲ್ಲ ಅದಕ್ಕೆ ಹೊಂದುವಂತೆಯೇ ಇರುತ್ತದೆ. ಸೂಜಿ, ರಕ್ತ, ಎದೆ ನಡುಗಿಸುವ ಸಂಗೀತ, ‘ಮಲೆನಾಡಿನ ರಹಸ್ಯ’ ಅಂತ ದೊಡ್ಡಕ್ಷರ. ಹಚ್ಚೆ ನಮ್ಮಲ್ಲಿ ಯಾವತ್ತೂ ರಹಸ್ಯ ಆಗಿರಲಿಲ್ಲ, ಜಗಲಿಯ ಮೇಲೆ ಎಲ್ಲರೆದುರೇ ಹಾಕಿಸಿಕೊಳ್ಳುತ್ತಿದ್ದರು.

ಡಿಸೆಂಬರ್, ಜನವರಿಯಲ್ಲಿ ಕ್ಯಾಮೆರಾ ಹೊತ್ತು ಕಾಫಿ ತೋಟಕ್ಕೆ ಹೋಗಬೇಡ. ಅದು ಹಣ್ಣು ಕೊಯ್ಲಿನ ಕಾಲ, ಕೊಯ್ದ ಹಣ್ಣಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ‘ಇನ್ನೊಂದ್ಸಲ ಹೇಳಿ ಅಜ್ಜಿ’ ಅಂತ ನೀನು ನಿಲ್ಲಿಸಿಕೊಂಡಷ್ಟೂ ಸಂಜೆ ತೂಕದಲ್ಲಿ ಅವಳ ಚೀಲ ಹಗುರ. ಹೂಮಳೆ ಬಿದ್ದ ಮೇಲೆ, ಏಪ್ರಿಲ್ ಹೊತ್ತಿಗೆ ಹೋಗು. ಜೂನ್ ದಾಟಿತೋ, ಕೂಲಿಯವರ ಲೈನ್ ಮನೆಯ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಮಾತೇ ಕೇಳಿಸದು.

ಅನುಮತಿಯನ್ನು ತೋಟದ ಸಾಹುಕಾರರ ಹತ್ತಿರವೋ ರೈಟರ ಹತ್ತಿರವೋ ಕೇಳಿ ಸುಮ್ಮನಾಗಬೇಡ. ಅವರು ಹೂಂ ಅಂದ ಮೇಲೆ ಅಜ್ಜಿಗೆ ಒಲ್ಲೆ ಅನ್ನುವ ದಾರಿಯೇ ಉಳಿಯುವುದಿಲ್ಲ. ಚಿತ್ರಕ್ಕೆ ಒಪ್ಪಿದಳೆಂದರೆ ಪೋಸ್ಟರಿಗೂ ಒಪ್ಪಿದಳು ಅಂತಲ್ಲ. ಗಂಡನ ಹೆಸರಿರುವ ಕೈ ಅದು. ಪೋಸ್ಟರನ್ನು ಮೊಬೈಲಿನಲ್ಲಿ ತೋರಿಸು, ಬೇಡವೆಂದರೆ ತೆಗೆದುಬಿಡು.

ಹಳೆಯ ಹಚ್ಚೆ ಹಸಿರಾಗಿ, ಗೆರೆ ಹರಡಿ, ಚೇಳು ಯಾವುದು ಬಳ್ಳಿ ಯಾವುದು ತಿಳಿಯದಂತಾಗಿರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕಣದಲ್ಲಿ ತೆಗೆದರೆ ಎಲ್ಲ ಅಳಿಸಿದಂತೆ ಕಾಣುತ್ತದೆ. ಬೆಳಗ್ಗೆ ಜಗಲಿಗೆ ಓರೆಬೆಳಕು ಬೀಳುವಾಗ ಕೂರಿಸು. ಕೊಬ್ಬರಿ ಎಣ್ಣೆ ಸವರಿದರೆ ಚುಕ್ಕಿ ಚುಕ್ಕಿ ಎದ್ದು ಕಾಣುತ್ತದೆ. ಆಗ ಕೇಳು: ಕಾಡಿಗೆಗೆ ಯಾವ ಸೊಪ್ಪಿನ ರಸ ಬೆರೆಸಿದ್ದರು, ಯಾರು ಕೈ ಅದುಮಿ ಹಿಡಿದಿದ್ದರು, ನೋವು ಮರೆಸಲು ಏನು ಹಾಡಿದರು, ಅಕ್ಕಿ ಕೊಟ್ಟರೋ ಹಳೇ ಸೀರೆ ಕೊಟ್ಟರೋ. ಸತ್ತಾಗ ಒಡವೆ ಇಲ್ಲೇ ಉಳಿಯುತ್ತದೆ, ಹಚ್ಚೆ ಮಾತ್ರ ಜೊತೆಗೆ ಬರುತ್ತದೆ ಅನ್ನುವ ನಂಬಿಕೆಯೂ ತಾನಾಗಿ ಬಂದೀತು.

ಹಚ್ಚೆ ಹಾಕಿದವಳನ್ನು ಮರೆಯಬೇಡ, ಇದು ನನ್ನ ದೊಡ್ಡ ಕೋರಿಕೆ. ಕೊರಮ, ಕೊರಚ ಹೆಂಗಸರು ಊರೂರು ಅಲೆದು ಈ ಕಲೆ ಉಳಿಸಿದರು. ಅವರನ್ನು ಬರೀ ಕಣಿ ಹೇಳುವ ಕೊರವಂಜಿ ಅಂತ ತೋರಿಸಿದರೆ ಅನ್ಯಾಯ. ಸೂಜಿ ಕಟ್ಟುವ ಬಗೆ, ಚರ್ಮ ಎಳೆದು ಹಿಡಿಯುವ ಬಗೆ ಅವರಿಂದಲೇ ಕೇಳು.

ಪೇಟೆಯ ಟ್ಯಾಟೂ ಅಂಗಡಿಗೂ ಹೋಗು. ಎಡಿಸನ್ನನ ವಿದ್ಯುತ್ ಪೆನ್ನಿನ ಜಾಡು ಹಿಡಿದು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ಪೇಟೆಂಟ್ ಪಡೆದ ಯಂತ್ರದ ವಂಶವೇ ಅಲ್ಲಿ ಗುಂಯ್‌ಗುಡುವುದು. ಪ್ರತಿಯೊಬ್ಬರಿಗೂ ಹೊಸ ಸೂಜಿಯೇ ಅಂತ ಕಣ್ಣಾರೆ ನೋಡು. ಒಬ್ಬರ ಸೂಜಿ ಇನ್ನೊಬ್ಬರಿಗಾದರೆ ಹೆಪಟೈಟಿಸ್ ಬಿ, ಎಚ್‌ಐವಿ ದಾಟಬಹುದು. ಟ್ಯಾಟೂ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ನಿನ್ನ ಓರಗೆಯವರಿಗೆ ಇದು ಗೊತ್ತಾಗಲಿ.

ಎಲ್ಲ ಮುಗಿದ ಮೇಲೆ ಪ್ರೋಮೋಗೆ ಕೂರು. ಅಜ್ಜಿಯ ದನಿ, ಆ ಹಸಿರು ಕೈ, ಅಷ್ಟು ಸಾಕು, ಸಂಗೀತ ಬೇಡ. ಮೊದಲ ಪ್ರದರ್ಶನ ಲೈನ್ ಮನೆಗಳ ಅಂಗಳದಲ್ಲೇ ಇಡಿ. ಪ್ರೊಜೆಕ್ಟರ್ ಸಿಗದಿದ್ದರೆ ಹೇಳು, ನಾನು ವಿಚಾರಿಸುತ್ತೇನೆ.