ನಮ್ಮ ನಂತರವೂ ಅವಳ ಮನೆ

ಗಾರ್ಮೆಂಟ್ಸ್‌ನವರಿಗೆ ತಿಂಗಳ ಏಳನೇ ತಾರೀಖಿನೊಳಗೆ ಸಂಬಳ. ಪೀಣ್ಯದ ಕಾರ್ಖಾನೆಗೆ ಟೈಲರ್ ಆಗಿ ಸೇರಿದಾಗಿನಿಂದ ನನ್ನ ಲೆಕ್ಕದ ಪುಸ್ತಕ ಶುರುವಾಗುವುದು ಆವತ್ತೇ. ನಮ್ಮನೆಯವರ ಆಟೋ ದುಡಿಮೆ ದಿನದಿನದ್ದು. ಅದು ಅಡುಗೆಮನೆಗೆ, ಗಾಡಿ ಸಾಲಕ್ಕೆ. ನನ್ನ ಸಂಬಳ ಚೀಟಿಗೆ, ಮಕ್ಕಳಿಗೆ. ನಮ್ಮ ದೊಡ್ಡ ಮಗು ಗಂಡು ಎಂದು ಆಸ್ಪತ್ರೆಯಿಂದ ಹಿಡಿದು ಶಾಲೆಯವರೆಗೆ ಎಲ್ಲರೂ ಬರೆದುಕೊಂಡರು. ಇಪ್ಪತ್ತು ದಾಟಿದ ಮೇಲೆ ಒಂದು ರಾತ್ರಿ ‘ಅಮ್ಮ, ನಾನು ಹುಡುಗಿ’ ಎಂದಿತು. ಇವತ್ತು ಅವಳು ನಮ್ಮ ಮಗಳು. ಈ ನಡುವೆ ಮನೆಯಲ್ಲಿ ಎಷ್ಟು ಅಳು ಆಯಿತು ಎನ್ನುವುದು ಬೇರೆ ಮಾತು. ಇಲ್ಲಿ ಹೇಳುವುದು ದುಡ್ಡಿನ ಮಾತು.

ಅವಳ ಸ್ನೇಹಿತೆಯರಲ್ಲಿ ಮನೆ ಬಿಟ್ಟು ಬಂದವರೇ ಹೆಚ್ಚು. ಒಂದು ರೂಮಿಗೆ ಅಕ್ಕಪಕ್ಕದವರಿಗಿಂತ ಜಾಸ್ತಿ ಬಾಡಿಗೆ ಕೊಡುತ್ತಾರೆ, ಅಡ್ವಾನ್ಸ್ ಬೇರೆ, ಖಾಲಿ ಮಾಡಿ ಅಂದರೆ ಅದೇ ರಾತ್ರಿ ಗಂಟುಮೂಟೆ ಕಟ್ಟಬೇಕು. ಓದಿದವರೂ ಸಿಗ್ನಲ್ಲಿನಲ್ಲಿ ಕೈಚಾಚುವಂತಾಗುವುದು ಹೀಗೆಯೇ. ಬಡವರ ಮನೆಯಲ್ಲಿ ಮಗುವಿಗೆ ಕೊಡಲು ಆಸ್ತಿ ಇಲ್ಲದಿರಬಹುದು, ಮಲಗಲು ಜಾಗವಂತೂ ಇರುತ್ತದೆ. ಆ ಜಾಗವನ್ನು ಕಿತ್ತುಕೊಳ್ಳದಿದ್ದರೆ ಅರ್ಧ ಬದುಕು ಉಳಿದಂತೆ.

ಮೊದಲ ಚೀಟಿ ಎತ್ತಿದ ದುಡ್ಡು ಡಾಕ್ಟರು, ರಕ್ತಪರೀಕ್ಷೆ, ಮಾತ್ರೆಗಳಿಗೆ ಹೋಯಿತು. ಈಗಲೂ ಮಾತ್ರೆಯ ಖರ್ಚನ್ನು ಹಾಲಿನ ಲೆಕ್ಕದ ಕೆಳಗೇ ಬರೆಯುತ್ತೇನೆ, ಮನೆಯ ಮಾಮೂಲಿ ಖರ್ಚಿನಂತೆ. ಎರಡನೇ ಚೀಟಿಯ ದುಡ್ಡು ಕಾಗದಪತ್ರಗಳಿಗೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯವರಿಂದ ಗುರುತಿನ ಪ್ರಮಾಣಪತ್ರ ಪಡೆದು, ಅದನ್ನಿಟ್ಟುಕೊಂಡು ಆಧಾರ್, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್. ಅಫಿಡವಿಟ್ಟು, ಜೆರಾಕ್ಸು, ರಜೆ ಹಾಕಿದ ದಿನದ ಸಂಬಳ ಕಡಿತ, ಎಲ್ಲ ಸೇರಿದರೆ ಸಣ್ಣ ಮೊತ್ತವಲ್ಲ. ಆದರೂ ಇದನ್ನು ಮುಂದೂಡಬೇಡಿ. ಕಾಗದಗಳಲ್ಲಿ ಹೆಸರು ಒಂದಕ್ಕೊಂದು ತಾಳೆಯಾಗದಿದ್ದರೆ ದುಡಿದ ದುಡ್ಡೂ ಕೈಗೆ ಬರುವುದಿಲ್ಲ. ಎಲ್ಲ ಫಾರಂಗಳಲ್ಲೂ ‘ತೃತೀಯ ಲಿಂಗ’ದ ಕಲಂ ಇರಲಿ ಎಂದು ರಿಸರ್ವ್ ಬ್ಯಾಂಕ್ 2015ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಾವು ಹೋದ ಶಾಖೆಯಲ್ಲಿ ಕೌಂಟರಿನವರು ಪಾಸ್‌ಬುಕ್ಕಿನ ಫೋಟೊ ನೋಡಿ, ಅವಳ ಮುಖ ನೋಡಿ, ‘ಖಾತೆ ಇವರದಲ್ಲ’ ಅಂದುಬಿಟ್ಟರು. ಅವಳ ಸಂಬಳ ಅದರೊಳಗಿತ್ತು. ಅವಳು ತಲೆ ತಗ್ಗಿಸಿದಳು. ನಮ್ಮನೆಯವರು ಖಾಕಿ ಅಂಗಿಯಲ್ಲೇ ಮುಂದೆ ಬಂದು, ‘ನನ್ನ ಮಗಳು ಮೇಡಂ. ಫೋಟೊ ಹಳೇದು, ಮನುಷ್ಯಳು ಅವಳೇ’ ಅಂದರು. ಹೆಚ್ಚು ಮಾತಾಡುವವರಲ್ಲ ಅವರು. ಮ್ಯಾನೇಜರ್ ಹತ್ತಿರ ಹೋಗಿ ಪ್ರಮಾಣಪತ್ರ ಮುಂದಿಟ್ಟು ಕೂತೆವು. ಕೆಲಸ ಆಗುವವರೆಗೂ ಏಳಲಿಲ್ಲ. ಇಂಥ ಕಡೆ ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಬ್ಯಾಂಕ್ ಅಲ್ಲ. ಊರ ಹಬ್ಬಕ್ಕೆ ಹೋದಾಗ ಮೈದುನ ಊಟದ ಎಲೆಯ ಮುಂದೆ, ‘ಅತ್ತಿಗೆ, ಆಂಧ್ರಹಳ್ಳಿ ಮನೆ ಇನ್ನೇನು, ಕೊನೆಗೆ ನಮ್ಮ ಹುಡುಗರಿಗೇ ತಾನೇ’ ಅಂದ. ಚಿಕ್ಕ ಮಗಳಿಗೆ ಮದುವೆಯಾಗಿದೆ, ದೊಡ್ಡದು ಅವನ ಲೆಕ್ಕಕ್ಕೇ ಇಲ್ಲ. ಇಪ್ಪತ್ತು–ಮೂವತ್ತರ ಸೈಟು, ನಮ್ಮ ಬೆವರಿನಲ್ಲಿ ಎದ್ದ ಗೋಡೆ. ಉಯಿಲು ಇಲ್ಲದಿದ್ದರೂ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಮಕ್ಕಳಿರುವಾಗ ಚಿಕ್ಕಪ್ಪನಿಗೆ ಪಾಲಿಲ್ಲ. ತಂಟೆ ಬರುವುದು ಬೇರೆ ದಾರಿಯಿಂದ: ರೇಷನ್ ಕಾರ್ಡಿನಲ್ಲಿ ಒಬ್ಬ ಮಗನ ಹೆಸರು, ಬಾಗಿಲಲ್ಲಿ ನಿಂತವಳು ಬೇರೆ ಹೆಸರಿನ ಹೆಂಗಸು. ‘ಇವಳು ಯಾರು?’ ಎಂದು ಯಾರಾದರೂ ತಕರಾರು ಎತ್ತಿದರೆ ಕೋರ್ಟು ಅಲೆಯುವ ಶಕ್ತಿ ಅವಳಿಗಿರಬೇಕಲ್ಲ.

ತಂದೆತಾಯಿ, ಒಡಹುಟ್ಟಿದವರು ಇರುವ ಮನೆಯಲ್ಲಿ ವಾಸಿಸುವ, ಹೊರಹಾಕಿಸಿಕೊಳ್ಳದಿರುವ ಹಕ್ಕನ್ನು 2019ರ ಕಾಯ್ದೆಯ 12ನೇ ಕಲಂ ಕೊಟ್ಟಿದೆ. ಅದು ದೊಡ್ಡ ರಕ್ಷಣೆ. ಆದರೆ ವಾಸದ ಹಕ್ಕು ಒಡೆತನವಲ್ಲ. ಮನೆಯನ್ನೇ ಮಾರಿಬಿಟ್ಟರೆ ಅವಳು ಎಲ್ಲಿ ವಾಸಿಸಬೇಕು? ಅದಕ್ಕೇ ಉಯಿಲು ಬರೆಸಿದೆವು. ಛಾಪಾಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನಾವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆವು. ಅವಳ ಹಳೆಯ ಹೆಸರು, ಈಗಿನ ಹೆಸರು ಎರಡನ್ನೂ ಬರೆಸಿ, ಇಬ್ಬರೂ ಒಬ್ಬಳೇ, ನಮ್ಮ ಹೊಟ್ಟೆಯಲ್ಲಿ ಹುಟ್ಟಿದವಳು ಎಂದು ಸ್ಪಷ್ಟಪಡಿಸಿ, ಪ್ರಮಾಣಪತ್ರದ ಸಂಖ್ಯೆ ಸೇರಿಸಿದೆವು. ಹಳೆಯ ಹೆಸರು ಕಂಡು ಅವಳ ಮುಖ ಚಿಕ್ಕದಾಯಿತು, ನಾಳೆ ಅದೇ ಅವಳನ್ನು ಕಾಯುತ್ತದೆ ಎಂದಾಗ ಒಪ್ಪಿದಳು. ಕೆಳಗಿನ ಮನೆ ಅವಳಿಗೆ, ಮೇಲಿನ ಶೀಟಿನ ಮನೆ ತಂಗಿಗೆ. ಚಿಕ್ಕವಳನ್ನು ಕೂರಿಸಿಕೊಂಡು ಮೊದಲೇ ಮಾತಾಡಿದ್ದರಿಂದ ಗುಟ್ಟೇನೂ ಉಳಿಯಲಿಲ್ಲ. ಸಾಕ್ಷಿಗಳು ಪಾಲಿಲ್ಲದವರಾಗಿರಲಿ, ನಿಮಗಿಂತ ಕಿರಿಯರಾಗಿರಲಿ. ಸ್ವಂತ ದುಡಿಮೆಯ ಆಸ್ತಿಯಾದರೆ ಪೂರ್ತಿ ನಿಮ್ಮ ಇಷ್ಟ. ಪಿತ್ರಾರ್ಜಿತವಾದರೆ ನಿಮ್ಮ ಪಾಲನ್ನಷ್ಟೇ ಬರೆಯಬಹುದು.

ಪಿಎಫ್ ಮರೆಯಬೇಡಿ. ನಾಮಿನಿ ಹಾಕದೆ ಸದಸ್ಯರು ತೀರಿಕೊಂಡರೆ ಆ ಹಣ ಕುಟುಂಬಕ್ಕೆ ಸಮನಾಗಿ ಹಂಚಿಹೋಗುತ್ತದೆ; ಕುಟುಂಬದಲ್ಲಿ ಬೇರೆ ಹಕ್ಕುದಾರರಿದ್ದರೆ ವಯಸ್ಸಿಗೆ ಬಂದ ಗಂಡುಮಕ್ಕಳಿಗೆ ಪಾಲಿಲ್ಲ. ಕಾರ್ಖಾನೆಯ ಹಳೆಯ ಕಾಗದದಲ್ಲಿ ನನ್ನ ಮಗಳು ‘ಮಗ’ ಎಂದೇ ಇದ್ದಳು. ಹಾಗೇ ಬಿಟ್ಟಿದ್ದರೆ ಇಷ್ಟು ವರ್ಷ ಸಂಬಳದಲ್ಲಿ ಮುರಿದ ದುಡ್ಡಿನಲ್ಲಿ ಅವಳಿಗೆ ಬಿಡಿಗಾಸೂ ಸಿಗದಿರಬಹುದಿತ್ತು. ಅವಳ ಹೊಸ ಆಧಾರ್ ಬಂದ ಕೂಡಲೇ ಆನ್‌ಲೈನಿನಲ್ಲಿ ಅವಳನ್ನು ನಾಮಿನಿ ಮಾಡಿಸಿದೆ. ಕಾರ್ಖಾನೆಯ ಎಚ್‌ಆರ್ ಹುಡುಗಿ ಪಕ್ಕದಲ್ಲಿ ಕೂತು ಮಾಡಿಕೊಟ್ಟಳು. ಆ ಹುಡುಗಿ ಚೆನ್ನಾಗಿರಲಿ.

ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯ ಸರ್ಕಾರ ಕೊಡುವ ಮೈತ್ರಿ ಮಾಸಾಶನ 2024–25ರ ಬಜೆಟ್ಟಿನಲ್ಲಿ 800ರಿಂದ 1,200 ರೂಪಾಯಿಗೆ ಏರಿತು. ಕೆಲಸವಿಲ್ಲದವರಿಗೆ ಮಾತ್ರೆಯ ಖರ್ಚಿಗಾದರೂ ಆಸರೆ, ಬದುಕು ಸಾಗಿಸಲು ಸಾಲದು. ನನಗೆ ಹೆಚ್ಚು ಭರವಸೆ ರಾಜ್ಯ ಸರ್ಕಾರಿ ನೌಕರಿಯಲ್ಲಿ 2021ರಿಂದ ಸಿಕ್ಕಿರುವ ಶೇಕಡಾ 1ರ ಮೀಸಲಾತಿ. ಮಗಳು ಅದಕ್ಕೇ ವಿಜಯನಗರದಲ್ಲಿ ಕೋಚಿಂಗ್ ಸೇರಿದ್ದಾಳೆ. ಈಗ ನಡೆಯುತ್ತಿರುವ ಚೀಟಿ ಅದರ ಫೀಸಿಗೆ. ಉಯಿಲಿನ ಒಂದು ಪ್ರತಿ ಅವಳ ಬಳಿ, ಒಂದು ತಂಗಿಯ ಬಳಿ ಇದೆ. ಮುಂದಿನ ತಿಂಗಳು ರೇಷನ್ ಕಾರ್ಡಿನಲ್ಲಿ ಅವಳ ಹೆಸರು ತಿದ್ದಿಸಬೇಕು.