ಓರೆ ಬೆಳಕಿನಲ್ಲಿ ಶಾಸನಪಾಠ: ಅಲ್ಪಬೆಲೆಯ ನಿಸ್ತಂತು ಫ್ಲ್ಯಾಶ್ ಟ್ರಿಗರ್‌ಗಳ ಪ್ರಯೋಗ

ಶಿಲಾಶಾಸನವನ್ನು ಓದಹೊರಟವನಿಗೆ ಲಿಪಿಜ್ಞಾನ, ಭಾಷಾಜ್ಞಾನಗಳು ಎಷ್ಟು ಆವಶ್ಯಕವೋ ಬೆಳಕಿನ ಪರಿಜ್ಞಾನವೂ ಅಷ್ಟೇ ಆವಶ್ಯಕವೆಂಬುದನ್ನು ಆ ಕಾರ್ಯದಲ್ಲಿ ಕೈಯಾಡಿಸಿದವರೆಲ್ಲರೂ ಬಲ್ಲರು. ಕಾಗದದ ಮೇಲಣ ಅಕ್ಷರಕ್ಕೆ ಮಸಿಯ ಬಣ್ಣವುಂಟು; ಕಲ್ಲಿನ ಮೇಲಣ ಅಕ್ಷರಕ್ಕೆ ಬೇರೆ ಬಣ್ಣವಿಲ್ಲ. ಉಳಿಯು ತೆಗೆದ ಗೆರೆಯೊಳಗೆ ನೆರಳು ನಿಂತರೆ ಅದು ಅಕ್ಷರ, ನಿಲ್ಲದಿದ್ದರೆ ಬರಿಯ ಕಲ್ಲು. ಕ್ಯಾಮರಾದ ನೆತ್ತಿಯ ಮೇಲೆ ಕೂರಿಸಿದ ಫ್ಲ್ಯಾಶ್ ದೀಪದಿಂದ ಶಾಸನದ ಚಿತ್ರ ತೆಗೆದವರು ನಿರಾಶರಾಗುವುದು ಈ ಕಾರಣದಿಂದಲೇ. ದೀಪವೂ ಮಸೂರವೂ ಒಂದೇ ದಿಕ್ಕಿನಿಂದ ನೋಡುವುದರಿಂದ ಗೆರೆಯೊಳಗೆ ನೆರಳು ಹುಟ್ಟುವುದಕ್ಕೆ ಎಡೆಯೇ ಇಲ್ಲ. ಬಳಪದ ಕಲ್ಲಿನ ಮೇಲೆ ಚೆನ್ನಾಗಿ ಕಂಡರಿಸಿದ ಶಾಸನವೂ ಸುಣ್ಣ ಬಳಿದ ಗೋಡೆಯಂತೆ ತೋರುತ್ತದೆ. ದೀಪವನ್ನು ಕ್ಯಾಮರಾದಿಂದ ಬೇರ್ಪಡಿಸಿ, ಕಲ್ಲಿನ ಪಕ್ಕಕ್ಕೆ ಒಯ್ದು, ಅದರ ಮೈಗೆ ಓರೆಯಾಗಿ ಬೆಳಕನ್ನು ಹಾಯಿಸಬೇಕು. ಈ ಕೆಲಸವನ್ನು ಕಡಿಮೆ ಬೆಲೆಯ ನಿಸ್ತಂತು ಟ್ರಿಗರ್‌ಗಳು ಎಷ್ಟರಮಟ್ಟಿಗೆ ನೆರವೇರಿಸಬಲ್ಲವು ಎಂಬುದೇ ಪ್ರಕೃತ ಲೇಖನದ ವಿಷಯ.

ಕನ್ನಡ ನಾಡಿನ ಶಿಲ್ಪ, ಶಾಸನಗಳಿಗೂ ಛಾಯಾಚಿತ್ರಕ್ಕೂ ನಂಟು ಹಳೆಯದು. ಪಿಗೂ, ನೀಲ್, ಬಿಗ್ಸ್ ಎಂಬ ಮೂವರು ಅಧಿಕಾರಿಗಳು ತೆಗೆದ ಚಿತ್ರಗಳನ್ನೊಳಗೊಂಡ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವು ೧೮೬೬ರಲ್ಲಿಯೇ ಲಂಡನ್ನಿನಲ್ಲಿ ಪ್ರಕಟವಾಯಿತು. ಬಳಿಕ ೧೮೮೬ರಿಂದ ಮೊದಲ್ಗೊಂಡು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಹೊರತಂದರು. ವಿದ್ವಾಂಸರು ನೆಚ್ಚಿಕೊಂಡು ಬಂದ ಸಾಧನವೆಂದರೆ ಪಡಿಯಚ್ಚು: ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು, ಅದು ಆರುತ್ತಿರುವಂತೆ ಮೇಲೆ ಮಸಿಯ ಉಂಡೆಯನ್ನು ಒತ್ತುವುದು. ನುರಿತವರ ಕೈಯಲ್ಲಿ ಇದಕ್ಕೆ ಮಿಗಿಲಾದುದು ಇಂದಿಗೂ ಅಪರೂಪ. ಆದರೆ ಹೊಪ್ಪಳೆಯೇಳುತ್ತಿರುವ ಕಲ್ಲನ್ನು ತೋಯಿಸಿ ಬಡಿಯುವುದು ಅದರ ಆಯುಸ್ಸಿಗೆ ಹಿತವಲ್ಲ. ಪಳಗದ ಕೈಗೆ ಮಸಿಯು ಅಕ್ಷರದ ಒಳಕ್ಕೂ ಇಳಿದು ಪಾಠವನ್ನೇ ಕೆಡಿಸುತ್ತದೆ. ಸೀಮೆಸುಣ್ಣದಿಂದ ಅಕ್ಷರಗಳನ್ನು ತೀಡಿ ಚಿತ್ರ ತೆಗೆಯುವ ವಾಡಿಕೆಯಂತೂ ಇನ್ನೂ ಅಪಾಯಕರ. ಅಲ್ಲಿ ಚಿತ್ರದಲ್ಲಿ ಕಾಣುವುದು ಶಾಸನವಲ್ಲ, ತೀಡಿದವನ ಊಹೆ.

ಹಿರಿಯ ಶಾಸನತಜ್ಞರು ಬೆಳಗಿನ ಹಾಗೂ ಸಂಜೆಯ ಬಿಸಿಲಿಗಾಗಿ ಕಾದು ಕುಳಿತು ಓದುತ್ತಿದ್ದರು. ಮೂಡಲ ಪಡುವಲ ಮುಖದ ಕಲ್ಲುಗಳಿಗೆ ನೇಸರು ಏರುವಾಗಲೋ ಇಳಿಯುವಾಗಲೋ ಬೆಳಕು ಓರೆಯಾಗಿ ದೊರೆತೀತು. ಬಡಗು ಮುಖದ ಕಲ್ಲಿಗೆ ನಮ್ಮ ಅಕ್ಷಾಂಶದಲ್ಲಿ ವರ್ಷದ ಸುಮಾರು ಅರ್ಧಭಾಗ ಬಿಸಿಲೇ ತಾಗದು. ಮಂಟಪದೊಳಗಿನ ಕಂಬ, ಆಲದ ಬುಡದಲ್ಲಿ ಒರಗಿಸಿದ ವೀರಗಲ್ಲು, ಕೆರೆಯ ತೂಬಿನ ಪಕ್ಕದಲ್ಲಿ ಅರ್ಧ ಹೂತ ದತ್ತಿಶಾಸನ ಇವುಗಳಿಗೆ ಸೂರ್ಯನ ಅನುಗ್ರಹವೇ ಇಲ್ಲ. ಇಂಥವಕ್ಕೆ ನಮಗೆ ಬೇಕಾದ ಹೊತ್ತಿನಲ್ಲಿ, ಬೇಕಾದ ದಿಕ್ಕಿನಿಂದ ಒಂದು ಇಳಿಹೊತ್ತಿನ ಸೂರ್ಯನನ್ನು ಕೈಯಾರೆ ತಂದು ನಿಲ್ಲಿಸಬೇಕಾಗುತ್ತದೆ.

ಹಾಗಾದರೆ ತಂತಿಯಿಂದಲೇ ಫ್ಲ್ಯಾಶನ್ನು ಜೋಡಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ವಿಷಯದ ತಿರುಳಿದೆ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆಂಬ ನಿಯಮವನ್ನು ನಮ್ಮ ವಿಜ್ಞಾನದ ಅಧ್ಯಾಪಕರು ಪ್ರತಿವರ್ಷವೂ ಬೋಧಿಸುತ್ತಾರೆ. ಒಂದು ಮೀಟರ್ ಅಗಲದ ಕಲ್ಲಿನ ಎಡ ಅಂಚಿನಿಂದ ಒಂದು ಮೀಟರ್ ಆಚೆಗೆ ದೀಪವನ್ನಿಟ್ಟರೆ ಬಲ ಅಂಚು ದೀಪದಿಂದ ಎರಡು ಮೀಟರ್ ದೂರವಾಯಿತು. ಎಡ ಅಂಚಿಗೆ ಬಿದ್ದ ಬೆಳಕಿನ ನಾಲ್ಕನೆಯ ಒಂದು ಪಾಲು ಮಾತ್ರ ಅಲ್ಲಿಗೆ ತಲಪುತ್ತದೆ. ಸಾಲಿನ ಮೊದಲಕ್ಷರ ಸುಟ್ಟಂತೆ ಬೆಳ್ಳಗಾದರೆ ಕೊನೆಯಕ್ಷರ ಕತ್ತಲಲ್ಲಿ ಮುಳುಗುತ್ತದೆ. ದೀಪವನ್ನು ಮೂರು ಮೀಟರ್ ದೂರಕ್ಕೆ ಒಯ್ದರೆ ಈ ಅಂತರವು ಹದಿನಾರಕ್ಕೆ ಒಂಬತ್ತರಷ್ಟಾಗಿ, ಸಾಲೆಲ್ಲವೂ ಓದಲು ಬರುತ್ತದೆ. ಸಾಮಾನ್ಯವಾಗಿ ದೊರೆಯುವ ಸುರುಳಿ ತಂತಿ ಅಷ್ಟು ದೂರಕ್ಕೆ ಎಟುಕದು. ಎಟುಕಿದರೂ ಕಲ್ಲಿನ ನಾಲ್ಕು ಮಗ್ಗುಲಿಗೂ ಅದನ್ನು ಎಳೆದಾಡುವಾಗ ಕಾಲಿಗೆ ತೊಡರಿ ಕ್ಯಾಮರಾ ಉರುಳುವ ಭಯ. ನಿಸ್ತಂತು ಟ್ರಿಗರ್ ಕೊಡುವುದು ದೂರದ ಹಾಗೂ ದಿಕ್ಕಿನ ಈ ಸ್ವಾತಂತ್ರ್ಯವನ್ನು. ಅದಕ್ಕಿಂತ ಹೆಚ್ಚಿನದನ್ನು ಶಾಸನದ ಕೆಲಸಕ್ಕೆ ನಾವು ಅದರಿಂದ ಅಪೇಕ್ಷಿಸಬೇಕಾಗಿಲ್ಲ.

ಟ್ರಿಗರ್ ಎಂಬುದು ಎರಡು ಪುಟ್ಟ ಪೆಟ್ಟಿಗೆಗಳ ಜೋಡಿ. ಒಂದು ಕ್ಯಾಮರಾದ ತಲೆಯ ಮೇಲಿನ ಪಾದುಕೆಯಲ್ಲಿ ಕೂರುವ ಪ್ರೇಷಕ, ಇನ್ನೊಂದು ಫ್ಲ್ಯಾಶಿನ ಅಡಿಯಲ್ಲಿ ಕೂರುವ ಗ್ರಾಹಕ. ಕ್ಯಾಮರಾದ ಗುಂಡಿಯನ್ನೊತ್ತಿದ ಕ್ಷಣ ಪ್ರೇಷಕವು ರೇಡಿಯೋ ಅಲೆಯ ಮೂಲಕ ಸನ್ನೆ ಕಳುಹಿಸುತ್ತದೆ, ಗ್ರಾಹಕವು ದೀಪವನ್ನು ಹೊತ್ತಿಸುತ್ತದೆ. ತೀರ ಅಗ್ಗದವು ೪೩೩ ಮೆಗಾಹರ್ಟ್ಸ್ ಅಲೆಯನ್ನೂ, ತುಸು ಮೇಲ್ದರ್ಜೆಯವು ೨.೪ ಗಿಗಾಹರ್ಟ್ಸ್ ಅಲೆಯನ್ನೂ ಬಳಸುತ್ತವೆ. ಗೋಡಾಕ್ಸ್, ಯಾಂಗ್‌ನೂವೋ ಮೊದಲಾದ ಚೀನೀ ತಯಾರಕರಿಂದಾಗಿ ಈ ಸಾಧನಗಳು ಸಾಮಾನ್ಯರ ಕೈಗೆ ಎಟುಕುವಂತಾದವು. ಅದಕ್ಕೆ ಮೊದಲು ಪಾಕೆಟ್‌ವಿಜರ್ಡ್‌ನಂತಹ ದುಬಾರಿ ಉಪಕರಣಗಳು ವೃತ್ತಿಪರರಿಗೆ ಮಾತ್ರ ಮೀಸಲಾಗಿದ್ದವು. ಕೆಲವು ಫ್ಲ್ಯಾಶ್‌ಗಳಲ್ಲಿ ಗ್ರಾಹಕವು ಒಳಗೇ ಅಡಕವಾಗಿರುವುದರಿಂದ ಬೇರೆಯ ಪೆಟ್ಟಿಗೆ ಬೇಡ. ಬೆಳಕಿನ ಪ್ರಮಾಣವನ್ನು ತಾನೇ ನಿರ್ಣಯಿಸುವ ‘ಟಿಟಿಎಲ್’ ಎಂಬ ಸೌಕರ್ಯಕ್ಕೆ ಹೆಚ್ಚು ಹಣ ತೆರಬೇಕಾಗುತ್ತದೆ. ಮದುವೆಯ ಮನೆಯಲ್ಲಿ ಓಡಾಡುವ ಜನರ ಚಿತ್ರಕ್ಕೆ ಅದು ಬೇಕು. ಎಂಟುನೂರು ವರ್ಷಗಳಿಂದ ಒಂದೇ ಕಡೆ ನಿಂತಿರುವ ಕಲ್ಲಿಗೆ ಬೇಡ. ಕೈಯಿಂದ ಪ್ರಮಾಣವನ್ನು ಹೊಂದಿಸುವ ಸಾದಾ ಫ್ಲ್ಯಾಶ್ ಹಾಗೂ ಸಾದಾ ಟ್ರಿಗರ್ ನಮಗೆ ಸಾಲುವುವು. ಇವು ಪ್ರತಿಯೊಂದು ತಾಲ್ಲೂಕು ಪಟ್ಟಣದ ಸ್ಟುಡಿಯೋದವರ ಬಳಿಯೂ ಇರುವುದರಿಂದ, ಕೊಳ್ಳುವ ಮೊದಲು ಒಂದು ದಿನದ ಮಟ್ಟಿಗೆ ಎರವಲು ತಂದು ನೋಡುವುದು ಲೇಸು.

ಬೇರೊಂದು ಫ್ಲ್ಯಾಶಿನ ಮಿಂಚನ್ನು ಕಂಡು ತಾನೂ ಹೊತ್ತಿಕೊಳ್ಳುವ ‘ಸ್ಲೇವ್’ ವ್ಯವಸ್ಥೆ ಇನ್ನೂ ಅಗ್ಗ. ಆದರೆ ಅದನ್ನು ಎಚ್ಚರಿಸಲು ಕ್ಯಾಮರಾದ ಮೇಲೊಂದು ಫ್ಲ್ಯಾಶ್ ಹೊತ್ತಲೇಬೇಕು. ಆ ಎದುರು ಬೆಳಕನ್ನು ನಿವಾರಿಸುವುದೇ ನಮ್ಮ ಉದ್ದೇಶವಾಗಿರಲು, ಅದನ್ನೇ ಮತ್ತೆ ಕರೆತಂದಂತಾಗುತ್ತದೆ. ಸಾಲದುದಕ್ಕೆ ಬಿಸಿಲಿನಲ್ಲಿ ಅದರ ಕಣ್ಣು ಮಂಜಾಗುತ್ತದೆ.

ಕೊಳ್ಳುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಸಾದಾ ಟ್ರಿಗರ್‌ಗಳೆಲ್ಲ ಕ್ಯಾಮರಾದ ಪಾದುಕೆಯ ನಡುವಣ ಲೋಹದ ಚುಕ್ಕೆಯ ಮೂಲಕ ಕೆಲಸ ಮಾಡುತ್ತವೆ. ಕ್ಯಾನನ್ ೧೫೦೦ಡಿ, ೩೦೦೦ಡಿಗಳಂತಹ ಕೆಲವು ಆರಂಭಿಕ ದರ್ಜೆಯ ಕ್ಯಾಮರಾಗಳಲ್ಲಿ ಆ ಚುಕ್ಕೆಯೇ ಇಲ್ಲ. ಅವಕ್ಕೆ ಆಯಾ ಮಾದರಿಗೆ ಹೊಂದುವ ಟ್ರಿಗರನ್ನೇ ಕೇಳಿ ತರಬೇಕು. ಎರಡನೆಯದು, ಮನೆಯ ಅಟ್ಟದಲ್ಲಿರುವ ಹಳೆಯ ಫ್ಲ್ಯಾಶ್‌ಗಳ ಮಾತು. ಅವುಗಳಲ್ಲಿ ಕೆಲವಕ್ಕೆ ಪಾದುಕೆಯ ಸಂಪರ್ಕದಲ್ಲಿಯೇ ೨೦೦ ವೋಲ್ಟ್‌ಗಳಿಗೂ ಮಿಕ್ಕ ವಿದ್ಯುತ್ತಿರುತ್ತದೆ. ಅದು ಇಂದಿನ ಕ್ಯಾಮರಾವನ್ನೂ ಅಗ್ಗದ ಗ್ರಾಹಕವನ್ನೂ ಕೆಡಿಸಬಲ್ಲುದು. ಮೀಟರಿನಿಂದ ಅಳೆದು ನೋಡಿದ ಹೊರತು ಜೋಡಿಸಬಾರದು.

ಇನ್ನು ಪ್ರಯೋಗದ ಮಾತು. ಹತ್ತಿರದ ಕೆರೆಯೇರಿಯ ಮೇಲೆ ಬಡಗು ಮುಖವಾಗಿ ನಿಂತಿರುವ ಒಂದು ವೀರಗಲ್ಲನ್ನು ಇದಕ್ಕಾಗಿ ಆರಿಸಿಕೊಂಡೆವು. ಮೂರು ಪಟ್ಟಿಕೆಗಳ ನಡುವಣ ಕಿರಿದಾದ ಅಂಚುಗಳಲ್ಲಿ ಬರವಣಿಗೆಯಿದ್ದು, ಮೇಲಿನ ಸಾಲು ಬಹಳ ಸವೆದಿದೆ. ಕ್ಯಾಮರಾವನ್ನು ತ್ರಿಪಾದಿಯ ಮೇಲಿಟ್ಟು, ಮಸೂರವು ಕಲ್ಲಿನ ಮೈಗೆ ನೇರವಾಗಿರುವಂತೆ ಹೊಂದಿಸಿ, ನಾಭಿಯನ್ನು ಕೈಯಿಂದಲೇ ನಿಲ್ಲಿಸಿ, ಕಲ್ಲಿನ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಟ್ಟೆವು. ಮೊದಲು ೧/೨೦೦ ಸೆಕೆಂಡಿನ ವೇಗದಲ್ಲಿ ಚಿತ್ರ ತೆಗೆಯಲಾಗಿ, ಚಿತ್ರದ ಕೆಳಬದಿಯಲ್ಲಿ ತೆಳುವಾದ ಕಪ್ಪು ಪಟ್ಟಿಯೊಂದು ಕಾಣಿಸಿತು. ಕ್ಯಾಮರಾದ ಎರಡು ಪರದೆಗಳೂ ಪೂರ್ಣ ತೆರೆದಿರುವ ಕ್ಷಣದಲ್ಲಿಯೇ ದೀಪ ಹೊತ್ತಬೇಕಷ್ಟೆ. ಅಗ್ಗದ ಟ್ರಿಗರ್ ಸನ್ನೆಯನ್ನು ಮುಟ್ಟಿಸುವುದರಲ್ಲಿ ತುಸು ತಡೆಯುವುದರಿಂದ ಎರಡನೆಯ ಪರದೆ ಅಷ್ಟರಲ್ಲಿ ಮುಚ್ಚತೊಡಗಿರುತ್ತದೆ. ವೇಗವನ್ನು ೧/೧೬೦ಕ್ಕೆ ಇಳಿಸಿದೊಡನೆ ಪಟ್ಟಿ ಮಾಯವಾಯಿತು. ಕಲ್ಲು ಅಲುಗಾಡುವ ವಸ್ತುವಲ್ಲವಾದ್ದರಿಂದ ಈ ಇಳಿಕೆಯಿಂದ ಯಾವ ನಷ್ಟವೂ ಇಲ್ಲ.

ಹಗಲಿನ ಬೆಳಕನ್ನು ಗೆಲ್ಲುವುದು ಇದಕ್ಕಿಂತ ಕಠಿಣವಾದ ಸಮಸ್ಯೆ. ಗೈಡ್ ನಂಬರು ೩೬ ಉಳ್ಳ ಫ್ಲ್ಯಾಶ್ ಮೂರು ಮೀಟರ್ ದೂರದಿಂದ, ಐಎಸ್‌ಒ ೧೦೦ರಲ್ಲಿ, ಎಫ್ ೧೨ರಷ್ಟು ಬೆಳಕನ್ನು ಕೊಡುತ್ತದೆ. ಆದರೆ ಅದು ನೇರವಾಗಿ ಬಿದ್ದಾಗಿನ ಲೆಕ್ಕ. ಕಲ್ಲಿನ ಮೈಗೆ ೧೫ ಅಂಶದಷ್ಟು ಓರೆಯಾಗಿ ಬಿದ್ದರೆ ಅದೇ ಬೆಳಕು ಸುಮಾರು ನಾಲ್ಕು ಪಟ್ಟು ವಿಸ್ತಾರಕ್ಕೆ ಹರಡಿಕೊಳ್ಳುವುದರಿಂದ ಎಫ್ ೬ರಷ್ಟು ಮಾತ್ರ ಉಳಿಯುತ್ತದೆ. ನಡುಹಗಲ ಬಿಸಿಲಿಗಾದರೋ ೧/೨೦೦ ಸೆಕೆಂಡಿನಲ್ಲಿ ಎಫ್ ೧೧ ಬೇಕು. ಎಂದರೆ ಬಿಸಿಲಿನ ಮುಂದೆ ನಮ್ಮ ದೀಪ ಸೋತೇ ಸೋಲುತ್ತದೆ. ಆದ್ದರಿಂದ ನೇಸರು ಮುಳುಗಿದ ಮೇಲೆ ಕೆಲಸಕ್ಕೆ ತೊಡಗುವುದೇ ಉತ್ತಮ. ಹಗಲಲ್ಲಿಯೇ ಆಗಬೇಕಾದರೆ ಇಬ್ಬರು ವಿದ್ಯಾರ್ಥಿಗಳು ಕರಿಯ ಕಂಬಳಿಯನ್ನು ಹಿಡಿದು ಕಲ್ಲಿಗೆ ನೆರಳು ಮಾಡಬೇಕು. ಮೊದಲು ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆದು, ಅದು ಬಹುಮಟ್ಟಿಗೆ ಕಪ್ಪಾಗಿ ಬಂದರೆ ಮಾತ್ರ ಮುಂದುವರಿಯತಕ್ಕದ್ದು.

ಟ್ರಿಗರ್‌ಗಳ ನಡತೆಯ ಬಗ್ಗೆ ಒಂದೆರಡು ಮಾತು. ಬಯಲಿನಲ್ಲಿ ನಮಗೆ ಬೇಕಾದ ನಾಲ್ಕಾರು ಮೀಟರ್ ಅಂತರದಲ್ಲಿ ಎರಡು ಬಗೆಯವೂ ನಂಬಿಕೆಗೆ ತಕ್ಕವಾಗಿದ್ದವು. ಗ್ರಾಹಕವನ್ನು ದಪ್ಪನೆಯ ಕಲ್ಲುಗಂಬದ ಹಿಂದೆ ಮರೆಮಾಡಿದಾಗ ಆಗಾಗ ದೀಪ ಹೊತ್ತದೆ ಹೋದುದುಂಟು, ೨.೪ ಗಿಗಾಹರ್ಟ್ಸ್ ಅಲೆಗೆ ನಡುವೆ ನಿಂತ ಮನುಷ್ಯನ ಮೈಯೂ ಅಡ್ಡಿಯೇ. ಕೋಶಗಳು ಇಳಿದಾಗಲೂ ಇದೇ ತೊಂದರೆ. ಹತ್ತಿರದಲ್ಲಿ ಮದುವೆಯೇನಾದರೂ ನಡೆಯುತ್ತಿದ್ದು, ಅಲ್ಲಿನ ಛಾಯಾಗ್ರಾಹಕರ ಟ್ರಿಗರೂ ಅದೇ ಮಾದರಿಯದಾಗಿ ಅದೇ ಚಾನೆಲಿನಲ್ಲಿದ್ದರೆ, ವಧೂವರರ ಚಿತ್ರಕ್ಕೆ ನಮ್ಮ ವೀರಗಲ್ಲು ಬೆಳಗುವುದೂ ಅಸಂಭವವಲ್ಲ! ಚಾನೆಲನ್ನು ಬದಲಿಸಿಕೊಂಡರೆ ಮುಗಿಯಿತು.

ಇಷ್ಟೆಲ್ಲ ಸಿದ್ಧತೆಯ ಫಲವು ತೋರುವುದು ಕಲ್ಲಿಗೆ ನಾಲ್ಕು ದಿಕ್ಕುಗಳಿಂದ ಬೇರೆಬೇರೆಯಾಗಿ ಬೆಳಕು ಹಾಯಿಸಿ, ಕ್ಯಾಮರಾವನ್ನು ಕದಲಿಸದೆ ನಾಲ್ಕು ಚಿತ್ರಗಳನ್ನು ತೆಗೆದಾಗ. ಬೆಳಕು ಸಾಗುವ ದಿಕ್ಕಿನಲ್ಲಿಯೇ ಇರುವ ಗೆರೆಯಲ್ಲಿ ನೆರಳು ನಿಲ್ಲದು. ಅದಕ್ಕೆ ಅಡ್ಡವಾಗಿರುವ ಗೆರೆ ಮಾತ್ರ ಎದ್ದು ಕಾಣುತ್ತದೆ. ಪಕಾರ ಷಕಾರಗಳನ್ನು ತೆಗೆದುಕೊಳ್ಳೋಣ. ಅಕ್ಷರದ ಒಡಲಿನ ಒಂದು ಅಡ್ಡಗೆರೆಯೇ ಅವೆರಡರ ಭೇದ. ಪಕ್ಕದ ಬೆಳಕಿನಲ್ಲಿ ಆ ಗೆರೆ ಅಡಗಿ ಷಕಾರವು ಪಕಾರವಾಗಿಬಿಡುತ್ತದೆ, ಮೇಲಿನಿಂದ ಬೆಳಕು ಬಿದ್ದಾಗ ಮರಳಿ ಷಕಾರವಾಗುತ್ತದೆ. ಒಂದೇ ಚಿತ್ರವನ್ನು ನಂಬಿ ಓದಿದವನು ಹೆಸರನ್ನೇ ಬದಲಿಸಿಬಿಟ್ಟಾನು. ಮಕಾರ ವಕಾರಗಳು ಪರಸ್ಪರ ಹೋಲುವ ಹಳಗನ್ನಡ ಬರವಣಿಗೆಯಲ್ಲಿ ಇಂತಹ ತೊಡಕು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಅನುಸ್ವಾರದ ಸೊನ್ನೆಯೋ ಕಲೆಯೋ ಎಂಬ ಸಂದೇಹಕ್ಕೂ ಇಲ್ಲಿ ಪರಿಹಾರವಿದೆ. ಕಲ್ಲುಹೂವಿನ ಕಲೆಯು ನಾಲ್ಕು ಚಿತ್ರಗಳಲ್ಲಿಯೂ ಒಂದೇ ರೀತಿ ಇರುತ್ತದೆ. ಕೊರೆದ ಸೊನ್ನೆಯಲ್ಲಾದರೆ ನೆರಳು ದೀಪದೊಡನೆ ಮಗ್ಗುಲು ಬದಲಿಸುತ್ತದೆ. ಕಲ್ಲಿನ ಚಕ್ಕೆಯೆದ್ದ ಕುಳಿಯಲ್ಲಿಯೂ ನೆರಳು ತಿರುಗುವುದಾದರೂ ಅದರ ಅಂಚು ಒರಟು, ಆಳ ಅಸಮ. ನಮ್ಮ ವೀರಗಲ್ಲಿನ ಮೇಲಿನ ಸಾಲಿನಲ್ಲಿ ಸೊನ್ನೆಗಳೆಂದು ಕಂಡಿದ್ದ ಎರಡು ಗುರುತುಗಳು ಈ ಪರೀಕ್ಷೆಯಲ್ಲಿ ಕಲೆಗಳೆಂದು ತಿಳಿದುಬಂದವು. ಇನ್ನೊಂದು ಎಚ್ಚರಿಕೆ: ಕೆಳಗಿನಿಂದ ಬೆಳಕು ಹಾಯಿಸಿದ ಚಿತ್ರದಲ್ಲಿ ಕೊರೆದ ಅಕ್ಷರಗಳು ಉಬ್ಬಿದಂತೆ ಭ್ರಮೆಯಾಗುತ್ತದೆ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಕಣ್ಣು ಭಾವಿಸಿಕೊಂಡಿರುವುದೇ ಇದಕ್ಕೆ ಕಾರಣ. ಚಿತ್ರಕ್ಕೆ ಹೆಸರಿಡುವಾಗಲೇ ಬೆಳಕಿನ ದಿಕ್ಕನ್ನು ನಮೂದಿಸತಕ್ಕದ್ದು.

ಕಾಲನಿರ್ಣಯದಲ್ಲಿ ಇದರ ಪ್ರಯೋಜನ ಇನ್ನೂ ಸ್ಪಷ್ಟ. ಶಕವರ್ಷದ ಕೊನೆಯ ಅಂಕೆ ಸವೆದಿದೆಯೆಂದು ಇಟ್ಟುಕೊಳ್ಳಿ. ಅದು ಸೊನ್ನೆಯಾಗಿ ೧೦೦೦ ಎಂದಾದರೆ ಸಂವತ್ಸರವು ಕಾಳಯುಕ್ತವಾಗಬೇಕು, ಆರಾಗಿದ್ದರೆ ರಕ್ತಾಕ್ಷಿಯಾಗಬೇಕು. ಅಂಕೆ ಕಾಣದಿದ್ದರೂ ಸಂವತ್ಸರದ ಹೆಸರಿನ ಎರಡಕ್ಷರ ಓರೆ ಬೆಳಕಿನಲ್ಲಿ ತೋರಿದರೆ ಸಾಕು, ವರ್ಷ ಕೈಗೆ ಸಿಕ್ಕಂತೆಯೇ.

ಇದೇ ತತ್ತ್ವವನ್ನು ಮುಂದುವರಿಸಿ, ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಝ್‌ಬೆಂಡರ್ ಮತ್ತು ಸಂಗಡಿಗರು ೨೦೦೧ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಹತ್ತಾರು ದಿಕ್ಕುಗಳಿಂದ ಬೆಳಗಿಸಿ ತೆಗೆದ ಚಿತ್ರಗಳನ್ನು ಗಣಕಯಂತ್ರವು ಒಂದುಗೂಡಿಸುತ್ತದೆ. ಆಮೇಲೆ ಮೇಜಿನ ಮುಂದೆ ಕುಳಿತೇ ಬೆಳಕನ್ನು ಬೇಕಾದತ್ತ ತಿರುಗಿಸಿ ಓದಬಹುದು. ಕಲ್ಲಿನ ಪಕ್ಕದಲ್ಲಿ ಹೊಳೆಯುವ ಕರಿಯ ಗುಂಡೊಂದನ್ನು ಇಟ್ಟರೆ, ಅದರ ಮೇಲಿನ ಮಿಂಚಿನಿಂದ ದೀಪದ ದಿಕ್ಕು ಯಂತ್ರಕ್ಕೆ ತಿಳಿಯುತ್ತದೆ. ಇದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ; ದೀಪ, ಟ್ರಿಗರ್ ಇವೇ ಸಾಕು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಸ್ಕ್ಯಾನರುಗಳಿಂದ ಆ ಪ್ರದೇಶದ ಶಾಸನಗಳನ್ನು ದಾಖಲಿಸುವ ಮಹತ್ತ್ವದ ಕಾರ್ಯವನ್ನು ಕೈಗೊಂಡಿದ್ದಾರೆ. ಅಂತಹ ಯಂತ್ರ ಶಾಲೆಯೊಂದರ ಶಕ್ತಿಗೆ ಮೀರಿದ್ದು. ಒಂದು ಫ್ಲ್ಯಾಶ್, ಒಂದು ಜೋಡಿ ಟ್ರಿಗರ್ ಮೀರಿದ್ದಲ್ಲ. ರಸ್ತೆ ಅಗಲಿಸುವಾಗಲೂ ಹೊಲ ಸಮಮಾಡುವಾಗಲೂ ಕಲ್ಲುಗಳು ಕಣ್ಮರೆಯಾಗುತ್ತಿರುವ ಈ ದಿನಗಳಲ್ಲಿ, ತಮ್ಮ ಊರಿನ ಕಲ್ಲು ಎಲ್ಲಿದೆಯೆಂಬುದನ್ನು ಹಳೆಯ ವಿದ್ಯಾರ್ಥಿಗಳು ತಿಳಿಸಿದರೂ ದೊಡ್ಡ ಉಪಕಾರವಾದೀತು.

ಸಂರಕ್ಷಿತ ಸ್ಮಾರಕಗಳಲ್ಲಿ ತ್ರಿಪಾದಿಯನ್ನು ಬಳಸುವುದಕ್ಕೆ ಪುರಾತತ್ತ್ವ ಇಲಾಖೆಯ ಪೂರ್ವಾನುಮತಿ ಬೇಕು. ಪೂಜೆಗೊಳ್ಳುವ ಕಲ್ಲಾದರೆ ಊರ ಹಿರಿಯರನ್ನು ಕೇಳಿಯೇ ಮುಟ್ಟಬೇಕು. ಎಣ್ಣೆಯ ಜಿಡ್ಡನ್ನು ತಂತಿಯ ಬ್ರಷ್ಷಿನಿಂದ ಕೆರೆಯಬಾರದು. ಕೆಲಸ ಮುಗಿದೊಡನೆ ಕೋಶಗಳನ್ನು ಹೊರತೆಗೆದಿಡಬೇಕು, ಇಲ್ಲವಾದರೆ ಅವು ಸೋರಿ ಗ್ರಾಹಕದ ಸಂಪರ್ಕಗಳು ತುಕ್ಕು ಹಿಡಿಯುವುವು. ನಾವು ಓದಿದ ವೀರಗಲ್ಲಿನ ಎರಡನೆಯ ಸಾಲು ಪೂರ್ಣವಾಗಿ ದೊರೆಯಿತು. ಮೇಲಿನ ಸಾಲಿನಲ್ಲಿ ವೀರನ ಹೆಸರಿನ ಮೊದಲಕ್ಷರ ನಾಲ್ಕು ದಿಕ್ಕಿನ ಬೆಳಕಿಗೂ ತೋರಲಿಲ್ಲ. ನಮ್ಮ ಪ್ರತಿಯಲ್ಲಿ ಆ ಎಡೆಯನ್ನು ಚುಕ್ಕೆಗಳಿಂದ ಗುರುತಿಸಿ ಬಿಟ್ಟಿದ್ದೇವೆ.