ಮಿನುಗುವ ಎಲ್‌ಇಡಿ: ಎರಡನೇ ‘ಕಾಯು’ ಬ್ಲಾಕ್

ಆರ್ಡುಯಿನೊ ಊನೊ ಬೋರ್ಡಿನ 11, 12, 13ನೇ ಪಿನ್‌ಗಳಿಗೆ ಒಂದೊಂದು ಎಲ್‌ಇಡಿ, ಪ್ರತಿಯೊಂದಕ್ಕೂ 220 ಓಮ್ ರೋಧಕ. ಉದ್ದ ಕಾಲು ಪಿನ್ ಕಡೆಗೆ, ಗಿಡ್ಡ ಕಾಲು ಗ್ರೌಂಡಿಗೆ. ಜೋಡಣೆಯನ್ನು ಬೇಗ ಮುಗಿಸಿ. ಪಾಠವಿರುವುದು ‘ಕಾಯು’ ಬ್ಲಾಕಿನಲ್ಲಿ.

ಮೊದಲು ಒಂದೇ ದೀಪ. ‘ನಿರಂತರ’ ಬ್ಲಾಕಿನೊಳಗೆ ಹಲವು ಮಕ್ಕಳು ಬೆಳಗಿಸು, ಅರ್ಧ ಸೆಕೆಂಡ್ ಕಾಯು, ಆರಿಸು ಎಂದಷ್ಟೇ ಜೋಡಿಸುತ್ತಾರೆ. ದೀಪ ಮಿನುಗದೆ ಉರಿಯುತ್ತಲೇ ಇರುತ್ತದೆ, ತಂತಿಯನ್ನು ದೂರುತ್ತಾರೆ. ಉತ್ತರ ಹೇಳಿಬಿಡಬೇಡಿ. ಒಬ್ಬಳು ಬ್ಲಾಕುಗಳನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬ ಕೈ ಎತ್ತಿ ಇಳಿಸಿ ದೀಪವಾಗಲಿ. ಕೈ ಇಳಿದ ಕೂಡಲೇ ಮತ್ತೆ ‘ಬೆಳಗಿಸು’ ಬರುವುದು ಅವರಿಗೇ ತಿಳಿಯುತ್ತದೆ: ಆರಿದ ಗಳಿಗೆ ಕಣ್ಣಿಗೆ ಸಿಗದಷ್ಟು ಚಿಕ್ಕದು. ಆರಿಸಿದ ಮೇಲೂ ಒಂದು ‘ಕಾಯು’ ಬೇಕು.

ಮೌಲ್ಯಮಾಪನಕ್ಕೆ ‘ಎಲ್‌ಇಡಿ ಎಂದರೇನು’ ಎಂಬ ಪ್ರಶ್ನೆ ಬೇಡ. ಮೂರು ದೀಪಗಳು ಒಂದಾದ ಮೇಲೊಂದು ಬೆಳಗುವ ಸಾಲಿನಲ್ಲಿ ಆ ಎರಡನೇ ‘ಕಾಯು’ ಇಲ್ಲದಿದ್ದರೂ ಓಟ ಕಾಣುತ್ತದೆ, ಏಕೆಂದು ಕೇಳಿ.